ಮಗಳ ಪಿಗ್ಮಿ ಮುರಿಸಿದ್ದು

ಸೊರಬದ ಪೇಟೆಯಲ್ಲಿ ನನ್ನ ಹೆಸರು ಹೆಚ್ಚಿನವರಿಗೆ ಗೊತ್ತಿಲ್ಲ. ಎಲ್ಲರಿಗೂ ನಾನು ಪಿಗ್ಮಿ ಅಕ್ಕ. ಹನ್ನೊಂದು ವರ್ಷದಿಂದ ಒಂದು ಸಹಕಾರ ಸಂಘಕ್ಕೆ ಪಿಗ್ಮಿ ಸಂಗ್ರಹಿಸುತ್ತಿದ್ದೇನೆ. ಮಧ್ಯಾಹ್ನ ಮೂರಕ್ಕೆ ಹೊರಟು ಚಪ್ಪಲಿ ಅಂಗಡಿ, ಹಣ್ಣಿನ ಗಾಡಿ, ಕ್ಷೌರದಂಗಡಿ ಎಂದು ಬಾಗಿಲು ಬಾಗಿಲಿಗೆ ಹೋಗುತ್ತೇನೆ. ದಿನದ ಇಪ್ಪತ್ತೋ ಐವತ್ತೋ ಇಸಕೊಂಡು, ಕೈಯಲ್ಲಿರುವ ಪುಟ್ಟ ಮಿಷನ್ನಿನಿಂದ ರಸೀದಿ ಹರಿದು ಕೊಡುತ್ತೇನೆ. ಬಸ್‌ಸ್ಟ್ಯಾಂಡಿನ ಹೂವಿನಜ್ಜಿ ಮಾತ್ರ ಒಂದೇ ಸಲಕ್ಕೆ ಕೊಟ್ಟವಳಲ್ಲ. "ವಾಪಸ್ ಹೋಗ್ತಾ ಬಾ ಮಾರಾಯ್ತಿ, ಈಗ ಚಿಲ್ರೆ ಇಲ್ಲ" ಎನ್ನುತ್ತಾಳೆ. ಅವಳ ಡಬ್ಬಿಯ ತುಂಬ ಚಿಲ್ಲರೆ ನನ್ನ ಕಣ್ಣಿಗೇ ಕಾಣುತ್ತಿರುತ್ತದೆ. ಎರಡನೇ ಸಲ ಹೋದರೆ ಪಕ್ಕದಲ್ಲಿ ಕೂರಿಸಿಕೊಂಡು ಮಂಡಿನೋವಿನಿಂದ ಹಿಡಿದು ಸೊಸೆಯ ಅಡುಗೆಯವರೆಗೆ ಹೇಳಿ ಆಮೇಲೆ ದುಡ್ಡು ಕೊಡುತ್ತಾಳೆ. ನನಗೆ ಮೈ ಉರಿಯುತ್ತಿತ್ತು.

ಅವಧಿಗೆ ಮುಂಚೆ ಯಾರಾದರೂ ಪಿಗ್ಮಿ ಮುರಿಸಬೇಕೆಂದು ಬಂದರೆ ನಾನು ಕೇಳುವುದು ಒಂದೇ ಮಾತು. "ಎಂತಕ್ಕೆ?" ಆಸ್ಪತ್ರೆ, ಕಾಲೇಜು ಫೀಸು ಎಂದರೆ ಅವತ್ತೇ ಅರ್ಜಿ ತುಂಬಿಸುತ್ತೇನೆ. ಉಳಿದದ್ದಕ್ಕೆಲ್ಲ "ಒಂದು ವಾರ ಬಿಟ್ಟು ಬನ್ನಿ" ಎನ್ನುತ್ತೇನೆ. ವಾರ ಕಳೆಯುವುದರೊಳಗೆ ಎಷ್ಟೋ ಜನಕ್ಕೆ ಆ ಬೈಕು, ಆ ದೊಡ್ಡ ಟೀವಿ ಬೇಡವಾಗಿರುತ್ತದೆ. ನನಗೆ ಅದರಲ್ಲಿ ಸ್ವಲ್ಪ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ.

ಇಂಥ ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳ ಕೈಯಲ್ಲಿ ದುಡ್ಡು ನಿಲ್ಲುತ್ತಿರಲಿಲ್ಲ. ಎಂಟನೇ ಕ್ಲಾಸಿನಲ್ಲಿ ಹಕ್ಕಿ ನೋಡಲು ಶಾಲೆಯವರು ಗುಡವಿಗೆ ಕರೆದೊಯ್ದಾಗ ಇನ್ನೂರು ರೂಪಾಯಿ ಕೊಟ್ಟು ಕಳಿಸಿದ್ದೆ. ಸಂಜೆ ಒಂದು ಕಡ್ಡಿ ಮುರಿದ ಕಪ್ಪು ಕನ್ನಡಕ ಹಾಕಿಕೊಂಡು ಬಂದಳು. ಉಳಿದ ದುಡ್ಡು ಎಲ್ಲಿ ಎಂದರೆ ಐಸ್‌ಕ್ರೀಮು. ಹಕ್ಕಿ ಯಾವುದು ನೋಡಿದೆ ಎಂದರೆ, "ಕನ್ನಡಕದಲ್ಲಿ ಸರಿ ಕಾಣ್ಲಿಲ್ಲ ಅಮ್ಮ" ಎಂದಳು.

ಮಾರನೆಯ ದಿನವೇ ಅವಳ ಹೆಸರಲ್ಲಿ ದಿನಕ್ಕೆ ಇಪ್ಪತ್ತರಂತೆ ಐದು ವರ್ಷದ ಪಿಗ್ಮಿ ತೆರೆದೆ. ತೆರೆದವಳೂ ನಾನೇ, ಕಟ್ಟುತ್ತಿದ್ದವಳೂ ನಾನೇ. ನನ್ನ ಪರ್ಸಿನಿಂದ ಇಪ್ಪತ್ತು ತೆಗೆದು, ನನಗೇ ಕೊಟ್ಟುಕೊಂಡು, ರಸೀದಿಯನ್ನು ಅವಳ ಮುಖಕ್ಕೆ ಹಿಡಿದು ಉಳಿತಾಯದ ಉಪದೇಶ ಮಾಡುತ್ತಿದ್ದೆ. ಅವಳು ಅದರ ಹಿಂದೆ ರಂಗೋಲಿ ಬರೆಯುತ್ತಿದ್ದಳು. ಒಂಬತ್ತನೇ ಕ್ಲಾಸಿನಲ್ಲಿ ಫೋನು ಬೇಕೆಂದು ಎರಡು ದಿನ ಊಟ ಬಿಟ್ಟಾಗಲೂ ನಾನು ಜಗ್ಗಲಿಲ್ಲ.

ಪಿಯುಸಿಗೆ ಅವಳನ್ನು ಶಿಕಾರಿಪುರದಲ್ಲಿ ನನ್ನ ತಂಗಿಯ ಮನೆಯಲ್ಲಿ ಬಿಟ್ಟೆವು. ತಂಗಿಯ ಗಂಡನದು ಮಾರ್ಕೆಟ್ ಯಾರ್ಡಿನ ಹತ್ತಿರ ಸಣ್ಣ ಅಂಗಡಿ. ತಂಗಿ ಚಿಕ್ಕಂದಿನಿಂದಲೂ ಕೈ ಬಿಚ್ಚಿದವಳು. ಸೀರೆ ಅಂಗಡಿಯಲ್ಲಿ ಅವಳು ಚೌಕಾಸಿ ಮಾಡಿದ್ದನ್ನು ನಾನು ಕಂಡಿಲ್ಲ. ಮಗಳು ಅಲ್ಲಿ ಪೂರ್ತಿ ಕೆಡುತ್ತಾಳೆ ಎಂದುಕೊಂಡಿದ್ದೆ. ಕೆಟ್ಟರೆ ನನ್ನ ಬೆಲೆ ಗೊತ್ತಾಗಲಿ ಎಂದೂ ಒಂದು ಮೂಲೆಯಲ್ಲಿ ಅನಿಸಿತ್ತು.

ನಾಲ್ಕು ತಿಂಗಳ ಮೇಲೆ ಚಕ್ಕುಲಿ ಡಬ್ಬಿ ಹಿಡಿದು ಹೋದೆ. ಮಗಳು ಸಂತೆಗೆ ಹೋಗಿದ್ದಳು. ಎರಡು ಚೀಲ ಹೊತ್ತು ಬಂದವಳು ನೆಲದ ಮೇಲೆ ತರಕಾರಿ ಸುರಿದು, ಬೀನ್ಸಿನ ತುದಿ ಮುರಿದು ತೋರಿಸಿ, "ಎಳೇದು ಐತಿ ನೋಡು ಚಿಕ್ಕಮ್ಮ, ಸಂತೆ ಮುಗಿಯೋ ಹೊತ್ತಿಗೆ ಹೋದ್ರೆ ಅರ್ಧ ರೇಟಿಗೆ ಕೊಡ್ತಾರೆ" ಎಂದಳು. ಐತಿ ಅಂತೆ. ನಮ್ಮ ಮನೆಯಲ್ಲಿ ಯಾರೂ ಐತಿ ಎನ್ನುವುದಿಲ್ಲ.

"ಏನ್ ಮಾಡ್ದೆ ಇವಳಿಗೆ?" ಎಂದು ತಂಗಿಯನ್ನು ಕೇಳಿದೆ.

"ಏನಿಲ್ಲಕ್ಕ. ವಾರದ ಸಂತೆ ದುಡ್ಡು ಇವಳ ಕೈಯಾಗೆ ಕೊಟ್ಬಿಟ್ಟೆ. ಉಳಿದ್ರೆ ನಿಂದು, ಸಾಲ್ದಿದ್ರೆ ಎಲ್ರೂ ತಿಳಿಸಾರು ಉಣ್ಣೋದು ಅಂದೆ. ಮೊದಲ್ನೇ ವಾರ ಗೋಬಿ ಮಂಚೂರಿ ತಿಂದು ಖಾಲಿ ಮಾಡ್ಕೊಂಡು ಬಂದ್ಲು. ನಾಕು ದಿನ ತಿಳಿಸಾರು ಉಂಡ್ವಿ. ನಮ್ಮನೆಯವ್ರೂ ಬಾಯಿ ಬಿಡ್ಲಿಲ್ಲ."

ಅಷ್ಟಕ್ಕೇ ಮುಗಿಯಲಿಲ್ಲ. ಉಳಿದ ದುಡ್ಡಿಗೆ ತಂಗಿ ಇನ್ನಷ್ಟು ಸೇರಿಸಿ, ಇಬ್ಬರೂ ಕೂಡಿ ಒಂದು ಹೆಣ್ಣು ಕುರಿ ಕೊಂಡು ತೊಗರ್ಸಿ ಕಡೆಯ ಕುರಿಯವರ ಹತ್ತಿರ ಪಾಲಿಗೆ ಬಿಟ್ಟಿದ್ದರು. ಕುರಿ ಇವರದು, ಮೇಯಿಸಿ ಸಾಕುವುದು ಅವರದು, ಹುಟ್ಟುವ ಮರಿಗಳಲ್ಲಿ ಎರಡೂ ಕಡೆಯವರಿಗೆ ಪಾಲು. ಇಷ್ಟೆಲ್ಲ ಆಗಿದೆ, ನನಗೆ ಸುದ್ದಿಯೇ ಇಲ್ಲ.

"ಮೊದಲ ಮರಿ ಯಾರಿಗೆ?" ಎಂದೆ.

"ಸಾಕಿದೋರಿಗೆ ಅಮ್ಮ. ಅವ್ರ ಪದ್ಧತಿ ಅದು" ಎಂದಳು ಮಗಳು. ಎಂದವಳು ಚಿಕ್ಕಮ್ಮನ ಭುಜಕ್ಕೆ ಒರಗಿ ನಕ್ಕಳು.

ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಹೊಟ್ಟೆ ಉರಿಯಿತು. ಊರಿಗೆಲ್ಲ ಉಳಿತಾಯ ಕಲಿಸಿದವಳು ನಾನು, ಮೂರು ವರ್ಷ ಬಾಯಿ ಬಡಕೊಂಡವಳು ನಾನು, ಕಲಿಸಿದ ಹೆಸರು ಚೌಕಾಸಿಯೂ ಬಾರದ ನನ್ನ ತಂಗಿಗೆ. ಮಗಳು ನನ್ನ ಕೈತಪ್ಪಿ ಹೋದಳು ಎಂದೇ ಅನಿಸಿತು. ಬಸ್ಸು ಸೊರಬ ಮುಟ್ಟುವಷ್ಟರಲ್ಲಿ, ತಂಗಿ ಕೊಡಲಾಗದ್ದೊಂದನ್ನು ನಾನು ಕೊಟ್ಟೇ ತೀರಬೇಕು ಎಂದು ತೀರ್ಮಾನ ಮಾಡಿದ್ದೆ.

ಮಾರನೇ ದಿನ ಸಂಘಕ್ಕೆ ಹೋಗಿ ಮಗಳ ಪಿಗ್ಮಿ ಮುರಿಸಲು ಅರ್ಜಿ ಕೊಟ್ಟೆ. ಕೌಂಟರಿನ ಹುಡುಗಿ ಒಂದು ಸಲ ನನ್ನ ಮುಖ ನೋಡಿದಳು, ಎಂತಕ್ಕೆ ಎಂದು ಕೇಳಲಿಲ್ಲ. ಅದನ್ನು ಕೇಳುವುದು ನನ್ನ ಕೆಲಸವಾಗಿತ್ತಲ್ಲ. ಬಡ್ಡಿ ಹೋಯಿತು, ಒಂದಿಷ್ಟು ಕಡಿತವೂ ಆಗಿ ಹದಿನೆಂಟು ಸಾವಿರ ಕೈಗೆ ಬಂತು. ಅಷ್ಟನ್ನೂ ಹಾಕಿ ಒಂದು ಫೋನು ತಗೊಂಡು ಭಾನುವಾರ ಮತ್ತೆ ಶಿಕಾರಿಪುರದ ಬಸ್ಸು ಹತ್ತಿದೆ.

ಮಗಳು ಫೋನಿನ ಡಬ್ಬಿ ಬಿಚ್ಚಿದಳು. ಮುಖ ಅರಳಿತೋ ಇಲ್ಲವೋ ನಾನು ಸರಿಯಾಗಿ ನೋಡಲಿಲ್ಲ. ನಾನು ನೋಡುತ್ತಿದ್ದದ್ದು ತಂಗಿಯ ಮುಖವನ್ನು.

"ಇಷ್ಟು ದುಡ್ಡು ಎಲ್ಲಿತ್ತಮ್ಮ?"

"ನಿಂದೇ. ಪಿಗ್ಮಿ ಮುರಿಸ್ದೆ, ಹದಿನೆಂಟು ಸಾವಿರ ಬಂತು."

ಅವಳು ಫೋನನ್ನು ಡಬ್ಬಿಯೊಳಗೆ ವಾಪಸ್ ಇಟ್ಟು ಮುಚ್ಚಳ ಹಾಕಿದಳು. ತಂಗಿ ಒಲೆಯ ಮೇಲೆ ಹಾಲಿದೆ ಎಂದು ಒಳಗೆ ಹೋದಳು.

"ಎಂತಕ್ಕೆ?" ಎಂದಳು ಮಗಳು. ನಾನು ಗಿರಾಕಿಗಳನ್ನು ಕೇಳುವ ಹಾಗೇ, ಅದೇ ಧಾಟಿಯಲ್ಲಿ.

"ಓದಕ್ಕೆ ಬೇಕಲ್ಲ."

"ಚಿಕ್ಕಮ್ಮನ ಫೋನಲ್ಲೇ ನೋಡ್ಕೊಳ್ತಿದೀನಿ. ಎಂತಕ್ಕೆ ಮುರಿಸ್ದೆ?"

"ನಿನಗೆ ಆಸೆ ಇತ್ತಲ್ಲ."

"ಅದು ಒಂಬತ್ನೇ ಕ್ಲಾಸಲ್ಲಿ. ನಿಜ ಹೇಳಮ್ಮ."

ಗಿರಾಕಿಗಳು ಮೂರನೇ ಸಲಕ್ಕೆ ನಿಜ ಹೇಳುತ್ತಾರೆ. ನಾನೂ ಹೇಳಿದೆ. "ಹೊಟ್ಟೆಕಿಚ್ಚಿಗೆ." ಯಾರ ಮೇಲೆ ಎಂದು ಅವಳು ಕೇಳುವ ಮುಂಚೆಯೇ ಅಡುಗೆಮನೆಯ ಕಡೆ ಗದ್ದ ತಿರುಗಿಸಿದೆ. "ಮೂರು ವರ್ಷ ನಾನು ಹೇಳಿದ್ದು ಕಿವಿಗೆ ಹೋಗ್ಲಿಲ್ಲ. ಅವಳು ಹೇಳಿದ್ದು ಒಂದೇ ವಾರಕ್ಕೆ ಹೋಯ್ತು."

"ಚಿಕ್ಕಮ್ಮ ಏನೂ ಹೇಳ್ಲಿಲ್ಲಮ್ಮ, ಕೈಗೆ ಕೊಟ್ರು. ಪಿಗ್ಮಿ ತೆರೆದಿದ್ದು ನೀನು, ಕಟ್ಟಿದ್ದು ನೀನು, ಈಗ ಮುರಿಸಿದ್ದೂ ನೀನೇ. ನಾನು ರಸೀದಿ ನೋಡಿದ್ದಷ್ಟೇ."

ಅವಳು ಡಬ್ಬಿಯನ್ನು ನನ್ನ ಕಡೆ ಸರಿಸಿದಳು. "ಇದು ನೀನೇ ಇಟ್ಕೋ. ನನ್ನ ಹೆಸರಲ್ಲಿ ಮತ್ತೆ ಪಿಗ್ಮಿ ತೆಗಿ, ಹದಿನೆಂಟು ಸಾವಿರ ತುಂಬೋವರೆಗೆ ನೀನು ಕಟ್ಬೇಕು. ದಿನಾ ಸಂಜೆ ಏಳಕ್ಕೆ ಚಿಕ್ಕಮ್ಮನ ಫೋನಿಂದ ಕೇಳ್ತೀನಿ. ರಸೀದಿ ಫೋಟೋ ಕಳಿಸ್ಬೇಕು."

ದಿನಕ್ಕೆ ಇಪ್ಪತ್ತರಂತೆ ಅದು ತುಂಬಲು ಎರಡೂವರೆ ವರ್ಷ ಬೇಕು. ಬಸ್ಸಿನಲ್ಲಿ ಕೂತು ಅದನ್ನೇ ಮತ್ತೆ ಮತ್ತೆ ಲೆಕ್ಕ ಹಾಕಿದೆ.

ತಂಗಿಯ ಮೇಲಿನ ಹೊಟ್ಟೆಕಿಚ್ಚು ಹೋಗಿದೆ ಎಂದು ಹೇಳಲಾರೆ. ಈಗಲೂ ಮಗಳ ಬಾಯಲ್ಲಿ ಐತಿ ಕೇಳಿದರೆ ಒಳಗೆ ಚುರ್ರೆನ್ನುತ್ತದೆ. ಆದರೆ ಹೂವಿನಜ್ಜಿ "ವಾಪಸ್ ಹೋಗ್ತಾ ಬಾ" ಎಂದರೆ ಈಗ ಸಿಟ್ಟು ಬರುವುದಿಲ್ಲ. ಎರಡನೇ ಸಲ ಹೋಗಿ ಕೂರುತ್ತೇನೆ, ಮಂಡಿನೋವು ಹೇಗಿದೆ ಎಂದು ನಾನೇ ಕೇಳುತ್ತೇನೆ.

ಸಂಜೆ ಏಳಕ್ಕೆ ಸರಿಯಾಗಿ ಹೊಸ ಫೋನು ಹೊಡೆದುಕೊಳ್ಳುತ್ತದೆ. "ಪಿಗ್ಮಿ" ಎನ್ನುತ್ತಾಳೆ ಮಗಳು. ಫೋಟೋ ಮೊದಲೇ ಹೋಗಿದ್ದರೆ "ಬಂತು ಅಮ್ಮ, ಇಡ್ಲಾ?" ಎಂದು ಅರ್ಧ ನಿಮಿಷಕ್ಕೆ ಮುಗಿಸುತ್ತಾಳೆ. ಹೋಗಿರದಿದ್ದರೆ ಎಂಟಕ್ಕೆ ಇನ್ನೊಮ್ಮೆ ಮಾಡುತ್ತಾಳೆ. ಆಗ ಓದು ಮುಗಿದಿರುತ್ತದೆ. ಎಂತ ಅಡುಗೆ, ಸಂತೆಯಲ್ಲಿ ಟೊಮೆಟೊ ಎಷ್ಟು, ಕುರಿ ಗಬ್ಬ ಆಗಿದೆಯಂತೆ ಎಂದೆಲ್ಲ ಮಾತು ಬೆಳೆಯುತ್ತದೆ. ಅದಕ್ಕೇ ವಾರದಲ್ಲಿ ಮೂರು ನಾಲ್ಕು ದಿನ, "ಇವತ್ತು ಇನ್ನೂ ಕಟ್ಟಿಲ್ಲ ಮಗಾ, ಎಂಟಕ್ಕೆ ಮತ್ತೆ ಮಾಡು" ಎನ್ನುತ್ತೇನೆ. ರಸೀದಿ ಮಧ್ಯಾಹ್ನ ಮೂರರಿಂದ ನನ್ನ ಪರ್ಸಿನಲ್ಲೇ ಇರುತ್ತದೆ.