ಒಂಬತ್ತನೆಯ ಸರಳು

"ಕಂಪನಿಯವ್ರು ತಪ್ಪು ಒಪ್ಪಿದ ದಿನವೇ ಇದನ್ನ ತಂದು ಇಲ್ಲೇ ಹುಗೀತೆ." ಬಸ್ಸು ರಿಪೇರಿಯ ವೆಂಕ್ಟ್ರಮಣ ನಾಯ್ಕರು ಈ ಮಾತು ಕೊಟ್ಟದ್ದು ೧೯೫೯ರಲ್ಲಿ, ಬೆಳಕೆಯ ತಿರುವಿನಲ್ಲಿ ಊರು ಕಾಯುವ ದೈವ ಜಟಕನ ಕಲ್ಲಿನ ಮೇಲೆ ಕೈಯಿಟ್ಟು. ಇನ್ನೊಂದು ಕೈಯಲ್ಲಿ ಆಗಷ್ಟೇ ಮಣ್ಣಿನಿಂದ ತೆಗೆದ ಕಬ್ಬಿಣದ ತುಂಡಿತ್ತು. ಪಕ್ಕದಲ್ಲಿ ಸುಬ್ಬಿ ನಿಂತಿದ್ದರು. ಆ ಕಬ್ಬಿಣ ತೆಗೆದದ್ದು ಅವರ ಗಂಡನ ಜೀವವನ್ನು.

ಈಗ ೧೯೬೫. ಕಾಗೆ ಕೂಗುವ ಮೊದಲೇ ಬಾಡದಿಂದ ನಡೆದು ಬಂದ ನಾಯ್ಕರು ಕುಮಟೆಯ ಬಸ್ಸಿನ ಶೆಡ್ಡಿನಲ್ಲಿ ಗೋಣಿ ಹಾಸಿ, ಮೊದಲ ಬಸ್ಸಿನ ಅಡಿಗೆ ಅಂಗಾತ ಮಲಗಿದ್ದಾರೆ. ಸ್ಟೇರಿಂಗಿನಿಂದ ಮುಂದಿನ ಚಕ್ರಕ್ಕೆ ಹೋಗುವ ಸರಳಿಗೆ ಸಣ್ಣ ಸುತ್ತಿಗೆಯಿಂದ ಮೂರು ಪೆಟ್ಟು, ಆಮೇಲೆ ಕಿವಿಗೊಡುತ್ತಾರೆ. ಸಂತೆಯಲ್ಲಿ ಹೆಂಗಸರು ಮಡಕೆಯನ್ನು ಗೆಣ್ಣಿನಿಂದ ತಟ್ಟಿ ನೋಡುವುದಿಲ್ಲವೇ, ಹಾಗೆ. "ಗಟ್ಟಿ ಇದ್ರೆ ಗಂಟೆ ಹೊಡೆದಂಗೆ. ಒಳಗೆ ಗುಳ್ಳೆ ಇದ್ರೆ ನೆಗಡಿ ಆದವ್ರು ಮಾತಾಡಿದಂಗೆ."

ದಿನಕ್ಕೆ ಹದಿನಾಲ್ಕು ಬಸ್ಸು, ಬಸ್ಸಿಗೆ ಎರಡು ಸರಳು. ಹೊನ್ನಾವರದಲ್ಲಿ ಹೊಳೆ ದಾಟಿಸುವ ಜಂಗಲು ದೋಣಿ ತಪ್ಪುತ್ತದೆಂದು ಚಾಲಕರು ಗೊಣಗುತ್ತಾರೆ. "ಹೊಳೆ ಎಲ್ಲೂ ಓಡಿ ಹೋಗೂದಿಲ್ಲ ಮಾರಾಯಾ, ಕೂತ್ಕೋ" ಎಂಬ ಉತ್ತರ ಬಸ್ಸಿನ ಅಡಿಯಿಂದ ಬರುತ್ತದೆ.

೧೯೫೮ರಲ್ಲಿ ಭಟ್ಕಳದಿಂದ ಹೊರಟ ಹೊಸ ಬಸ್ಸೊಂದು ಬೆಳಕೆಯ ತಿರುವಿನಲ್ಲಿ ತಿರುಗಲೇ ಇಲ್ಲ. ನೆಟ್ಟಗೆ ಗದ್ದೆಗೆ ಇಳಿದು ಮಗುಚಿತು. ಚಾಲಕ, ಸುಬ್ಬಿಯ ಗಂಡ ಸೋಮಯ್ಯ ತೀರಿಕೊಂಡರು. ಸರಳು ಮುರಿದಿತ್ತು, ಆದರೆ ಅಧಿಕಾರಿಗಳು ಬರುವಷ್ಟರಲ್ಲಿ ಮುರಿದ ತುಂಡು ಅಲ್ಲಿರಲಿಲ್ಲ. ಊರವರು ಅದಕ್ಕೆ ಎಣ್ಣೆ ಸವರಿ, ಅಡಕೆ ಹಾಳೆಯಲ್ಲಿ ಸುತ್ತಿ, ಜಟಕನ ಬುಡದಲ್ಲಿ ಹುಗಿದು ಕಾಯಿ ಒಡೆದಿದ್ದರು.

"ಜೀವ ತಿಂದ ಕಬ್ಣ ನೆಲದ ಮೇಲೆ ಬಿಡೂಕಾಗ, ಮತ್ತೊಬ್ರನ್ನ ಕರೀತದೆ" ಎನ್ನುತ್ತಾರೆ ಅಂದು ಗುಂಡಿ ತೋಡಿದ ಬೇಸಾಯಗಾರ ಕುಪ್ಪ. "ಅದೇ ಸಾಕ್ಷಿ ಅಂದೇಳಿ ನಮಗೆಂತ ಗೊತ್ತು?"

ಸರಳು ಗದ್ದೆಗೆ ಬಿದ್ದ ಮೇಲೆ ಮುರಿದಿರಬೇಕು, ಚಾಲಕ ತೂಕಡಿಸಿದ್ದಾನೆ ಎಂದು ಬರೆದು ಬಸ್ಸು ಮಾಡಿದ ಕಂಪನಿ ಕೈತೊಳೆದುಕೊಂಡಿತು. "ನೀರಿಗೆ ಹೋದ್ರೆ, ಬಸ್ಸು ಬೀಳ್ಸಿದವ್ನ ಹೆಂಡ್ತಿ ಬಂದ್ಲು ಅಂದೇಳಿ ಬಾವಿಕಟ್ಟೆ ಖಾಲಿ ಆಗ್ತಿತ್ತು" ಎಂದು ಸುಬ್ಬಿ ನೆನೆಯುತ್ತಾರೆ.

ಮರುವರ್ಷ ನಾಯ್ಕರು ಜಟಕನ ಅಪ್ಪಣೆ ಕೇಳಿ ಅಗೆದು ತೆಗೆದ ತುಂಡಿಗೆ ಎಣ್ಣೆಯ ದೆಸೆಯಿಂದ ತುಕ್ಕು ಹಿಡಿದಿರಲಿಲ್ಲ. ಮುರಿದ ಬಾಯಿಯ ನಡುವೆ ವಟಾಣಿ ಗಾತ್ರದ ಗುಳ್ಳೆ, ಕಾರ್ಖಾನೆಯ ಕುಲುಮೆಯಲ್ಲೇ ಹುಟ್ಟಿದ್ದು. ಮೈಮೇಲೆ ೪೧೭ ಎಂಬ ಅಚ್ಚು, ಒಂದೇ ಪಾಕದಲ್ಲಿ ಮಾಡಿದ ಸರಳುಗಳಿಗೆಲ್ಲ ಹಾಕುವ ಗುರುತು. ನಾಯ್ಕರು ಅದನ್ನು ತಂತಿಯಲ್ಲಿ ಶೆಡ್ಡಿನ ಜಂತಿಗೆ ತೂಗುಹಾಕಿದರು.

ತೂಗುಹಾಕಿದ ಮೂರನೆಯ ವಾರದ ಒಂದು ನಸುಕು. ರಿಪೇರಿಗೆ ಬಂದ ಬಸ್ಸಿನ ಸರಳಿಗೆ ಪೆಟ್ಟು ಬಿದ್ದೊಡನೆ ಜಂತಿಯ ತುಂಡು ಗುಂಯ್ ಎಂದಿತು. ಎಲೆ ಅಲುಗುವಷ್ಟೂ ಗಾಳಿಯಿರಲಿಲ್ಲ. ಸರಳು ಬಿಚ್ಚಿ ಕೊಯ್ದರೆ ಒಳಗೆ ಗುಳ್ಳೆ, ಮೇಲೆ ಅದೇ ೪೧೭. ಐದು ವರ್ಷದಲ್ಲಿ ಹೀಗೆ ಎಂಟು ಸಿಕ್ಕವು.

ಎಂಟನ್ನೂ ಪೆಟ್ಟಿಗೆಗೆ ತುಂಬಿ ಕಳಿಸಿದ ಮೇಲೆ, ಈ ಸಂಕ್ರಾಂತಿಗೆ ಕಂಪನಿಯ ಕಾಗದ ಬಂತು: ತಪ್ಪು ಕಾರ್ಖಾನೆಯದು, ಚಾಲಕನದಲ್ಲ. "ಬಾವಿಕಟ್ಟೆ ಮೇಲೇ ಓದಿಸ್ದೆ. ಎರಡು ಸಲ" ಎನ್ನುತ್ತಾರೆ ಸುಬ್ಬಿ. ಅದೇ ಕಾಗದದ ಕೊನೆಯಲ್ಲಿ ಇನ್ನೊಂದು ಸಾಲಿತ್ತು. ಸೋಮಯ್ಯನ ಬಸ್ಸು ಬಿಟ್ಟು ಈ ಕಡೆಗೆ ಬಂದ ೪೧೭ರ ಸರಳುಗಳು ಒಂಬತ್ತು. ಒಂಬತ್ತನೆಯ ಬಸ್ಸು ಕೈಬದಲಾಗಿದೆ, ಅದನ್ನು ಹುಡುಕುವುದು ಕಂಪನಿಯ ಹೊಣೆಯಲ್ಲ.

ಸುಬ್ಬಿ ಆಗಾಗ ಶೆಡ್ಡಿಗೆ ಬರುತ್ತಾರೆ.

"ಅಣ್ಣಾ, ಮಾತು ಮರ್ತೋತಾ? ಹುಗ್ದು ಬಿಡು. ನಮ್ಮನೆಯವ್ರಿಗೂ ನಿದ್ದೆ ಬರ್ಲಿ."

"ಇನ್ನೊಂದು ಅದೆ ತಂಗೀ."

ಬೆಳಕೆಯಲ್ಲಿ ಜಟಕನ ಬುಡದ ಗುಂಡಿಗೆ ಕುಪ್ಪ ವರ್ಷವೂ ಮಣ್ಣು ತುಂಬುತ್ತಾರೆ. ತುಂಬಿದಷ್ಟೂ ಕುಸಿಯುತ್ತದೆಯಂತೆ.

ಕೆಲವು ನಸುಕಿನಲ್ಲಿ, ನಾಯ್ಕರ ಸುತ್ತಿಗೆ ಇನ್ನೂ ನೆಲದಲ್ಲಿರುವಾಗಲೇ ಜಂತಿಯ ತುಂಡು ಗುಂಯ್ಗುಡುತ್ತದೆ. ಅವರು ರಸ್ತೆಗೆ ಓಡುತ್ತಾರೆ. ಹೊನ್ನಾವರದ ದಿಕ್ಕಿಗೆ ಯಾವುದೋ ಬಸ್ಸಿನ ಹಿಂದಿನ ಕೆಂಪು ದೀಪ ತಿರುವಿನಲ್ಲಿ ಮರೆಯಾಗುತ್ತಿರುತ್ತದೆ.

"ಅದೇ ಇರ್ಬೇಕು. ಒಂದಿನ ಕೈಗೆ ಸಿಕ್ಕಿದ್ರೆ ಸಾಕು, ಬೇರೆಂತ ಬೇಡ ನಂಗೆ" ಎನ್ನುತ್ತಾರೆ, ಮತ್ತೆ ಗೋಣಿಯ ಮೇಲೆ ಮಲಗುತ್ತ.

ಕಂಪನಿ ತಪ್ಪು ಒಪ್ಪಿ ಎಂಟು ತಿಂಗಳಾಯಿತು. ತುಂಡು ಜಂತಿಯಲ್ಲೇ ಇದೆ. ಜಟಕನಿಗೆ ಕೊಟ್ಟ ಮಾತು ಮುರಿದಿದೆ.