ಮಾಸಿದ ನೇರಳೆ ಅಂಗಿ

ನನ್ನವರು ತೀರಿಕೊಂಡ ಮೇಲೆ ನಾನು ತಂಗಿಯ ಮನೆಯಲ್ಲೇ ಇದ್ದೇನೆ. ಮುಂದಿನ ಕೋಣೆಯೇ ಅವಳ ಅಂಗಡಿ: ಒಂದು ಕಂಪ್ಯೂಟರು, ಒಂದು ಇಂಕ್‌ಜೆಟ್ ಪ್ರಿಂಟರು, ಗಿರಾಕಿಗಳಿಗೊಂದು ಬೆಂಚು. ಮೊದಲು ಅಲ್ಲಿ ಅವಳ ಗಂಡನ ಸ್ಟುಡಿಯೋ ಇತ್ತು. ಕತ್ತಲೆಕೋಣೆಯಲ್ಲಿ ಫೋಟೋ ತೊಳೆದು ಬದುಕಿದವರು. ಬಣ್ಣ ಚಿಮ್ಮಿಸುವ ಪ್ರಿಂಟರಿಗೆ ಪಿಚಕಾರಿ ಎಂದು ಹೆಸರಿಟ್ಟಿದ್ದರು. "ನಿನ್ನ ಪಿಚಕಾರಿ ಇವತ್ತು ಯಾರ ಮುಖಕ್ಕೆ ಉಗೀತು?" ಎಂದು ಕೇಳದೆ ಊಟಕ್ಕೆ ಕೂರುತ್ತಿರಲಿಲ್ಲ. ಮರೆವಿನ ಕಾಯಿಲೆ ಬಂದು ಹೆಂಡತಿಯ ಹೆಸರೇ ನಾಲಿಗೆಗೆ ಬಾರದಾದಾಗಲೂ ಪಿಚಕಾರಿ ಮಾತ್ರ ಮರೆಯಲಿಲ್ಲ.

ಒಂದು ಬೆಳಿಗ್ಗೆ ತಂಗಿ ಬಟ್ಟೆ ಒಣಹಾಕಿ ಒಳಗೆ ಬರುವಷ್ಟರಲ್ಲಿ ಬಾಗಿಲು ಹಾರುಹೊಡೆದಿತ್ತು, ಅವರಿರಲಿಲ್ಲ. ಮೈಮೇಲಿದ್ದದ್ದು ಒಗೆದು ಒಗೆದು ಮಾಸಿದ ನೇರಳೆ ಅಂಗಿ. ಅದೇ ಅಂಗಿಯಲ್ಲಿ ತೆಗೆದ ಫೋಟೋ ತಂಗಿಯ ಮೊಬೈಲಿನಲ್ಲಿತ್ತು. ಬೀದಿ ಬೀದಿ ಅಲೆದು, ಪೊಲೀಸರಿಗೆ ತಿಳಿಸಿ ಬಂದವಳೇ ಕಂಪ್ಯೂಟರಿನ ಮುಂದೆ ಕೂತಳು.

ಅವಳು ಗಿರಾಕಿಗಳಿಗೆ ಹೇಳುವುದನ್ನು ಕೇಳಿ ಕೇಳಿ ನನಗೂ ಗೊತ್ತಿತ್ತು: ಪ್ರಿಂಟರಿನ ಬಣ್ಣ ನ್ಯಾಚುರಲ್ಲಿಗೆ ಹಾಕಿದರೆ ಇದ್ದದ್ದು ಇದ್ದ ಹಾಗೆ ಬರುತ್ತದೆ, ವಿವಿಡ್ ಎಂದರೆ ಕಾಗದಕ್ಕೆ ಮೇಕಪ್ಪು. ಫೋಟೋದ ಮೇಲೆ ಕಾಣೆಯಾಗಿದ್ದಾರೆ ಎಂದು ಹಾಕಿ, ಮೊದಲು ನ್ಯಾಚುರಲ್ಲಿನಲ್ಲೇ ಒಂದು ಹಾಳೆ ತೆಗೆದಳು. ಅದರಲ್ಲಿ ಗಂಡನ ಮುಖ ಬೂದಿ ಬಳಿದ ಹಾಗೆ ಕಂಡಿತು. ಆ ಹಾಳೆಯನ್ನು ಮಗುಚಿಟ್ಟಳು. ವಿವಿಡ್‌ಗೆ ಬದಲಾಯಿಸಿ ಇನ್ನೊಂದು ತೆಗೆದಳು.

"ನೋಡಕ್ಕ, ಇದ್ರಲ್ಲಿ ಜೀವ ಇದೆ."

ನಿಜವಾಗಿಯೂ ಕೆನ್ನೆಗೆ ಕಳೆ ಬಂದಿತ್ತು. ಅಂಗಿ ಏನಾಗಿದೆಯೆಂದು ಇಬ್ಬರೂ ನೋಡಲಿಲ್ಲ. ಕಂತೆಗಟ್ಟಲೆ ತೆಗೆದು ಕಂಬಕ್ಕೆ, ಗೋಡೆಗೆ, ಬಸ್ ನಿಲ್ದಾಣಕ್ಕೆ ಅಂಟಿಸಿ ಬಂದೆವು.

ಮರುದಿನ ನಿಲ್ದಾಣದಲ್ಲಿ ಎಲ್ಲರನ್ನೂ ವಿಚಾರಿಸುತ್ತಾ ಹೋದಾಗ ಟೀ ಅಂಗಡಿಯವನು ತಲೆ ಕೆರೆದುಕೊಂಡ.

"ನಿನ್ನೆ ಸಂಜೆ ಹೀಗೇ ಇದ್ದೋರು ಒಬ್ರು ಬಂದಿದ್ರಮ್ಮ. ನೀರು ಕೇಳಿದ್ರು, ಕೊಟ್ಟೆ. ಆದ್ರೆ ಫೋಟೋದಲ್ಲಿ ಅಂಗಿ ಕಡುನೀಲಿ, ಅವರದ್ದು ಒಂಥರಾ ಮಾಸಲು. ಇವರಲ್ಲ ಅಂತ ಸುಮ್ನಾದೆ."

"ಏನಾದ್ರೂ ಮಾತಾಡಿದ್ರಾ?"

"ಪಿಚಕಾರಿ ಎಲ್ಲಿ ಅಂತ ಕೇಳ್ತಿದ್ರು. ಆಟದ ಸಾಮಾನು ನಮ್ಮಲ್ಲಿಲ್ಲ ತಾತ ಅಂದೆ. ಯಾವ ಬಸ್ಸು ಹತ್ತಿದ್ರೋ ನೋಡ್ಲಿಲ್ಲ."

ತಂಗಿ ಗೋಡೆಯ ಮೇಲಿನ ಫೋಟೋದ ಕಡೆ ತಿರುಗಿದಳು. "ನಾನೇ ಬಣ್ಣ ಬಳಿದು ಅವರನ್ನ ಬೇರೆ ಯಾರೋ ಮಾಡ್ಬಿಟ್ಟೆ, ಅಕ್ಕ."

ಮನೆಗೆ ಓಡಿಬಂದು ನ್ಯಾಚುರಲ್ಲಿಗೆ ಹಾಕಿದಳು. ವಿವಿಡ್ ಆಗಲೇ ನೀಲಿ ಇಂಕನ್ನೆಲ್ಲ ಕುಡಿದು ಮುಗಿಸಿತ್ತು. ಮುಖ ಕೆಂಪುಕೆಂಪಾಗಿ ಬರತೊಡಗಿತು. ಕೊನೆಗೆ ಕಪ್ಪು ಇಂಕಿನಲ್ಲೇ ತೆಗೆದು, ಪ್ರತಿ ಹಾಳೆಯ ಕೆಳಗೂ ಕೈಯಲ್ಲೇ ಬರೆದಳು: ಮಾಸಿದ ನೇರಳೆ ಅಂಗಿ. ಪಿಚಕಾರಿ ಎಂದು ಕೇಳುತ್ತಾರೆ.

ನಿಲ್ದಾಣದ ಗೋಡೆಯಲ್ಲಿ ಹಳೆಯದನ್ನು ಉಗುರಿನಿಂದ ಕೆರೆಯತೊಡಗಿದಳು. ಅಂಗಿ ಕಿತ್ತುಬಂತು, ಕುತ್ತಿಗೆ ಕಿತ್ತುಬಂತು. ಮುಖಕ್ಕೆ ಬಂದಾಗ ಕೈ ನಿಂತಿತು. ಅದನ್ನು ಹಾಗೇ ಬಿಟ್ಟು ಹೊಸದನ್ನು ಪಕ್ಕದಲ್ಲಿ ಅಂಟಿಸಿದಳು. ಬಸ್ಸಿಗೆ ಕಾಯುತ್ತಿದ್ದ ಹೆಂಗಸೊಬ್ಬಳು ಎರಡನ್ನೂ ನೋಡಿ, ಇಬ್ಬರು ಕಾಣೆಯಾಗಿದ್ದಾರಾ ಎಂದು ಕೇಳಿದಳು.

"ಇಲ್ಲಮ್ಮ," ಎಂದಳು ತಂಗಿ. "ಒಬ್ರೇ."

ಇನ್ನೂ ಸಿಕ್ಕಿಲ್ಲ. ಮೊನ್ನೆಯೂ ಒಂದು ಕಂತೆ ತೆಗೆದು ದೂರದ ಬಸ್ಸುಗಳ ಕಂಡಕ್ಟರುಗಳ ಕೈಗೆ ಕೊಟ್ಟುಬಂದಳು. ಊಟದ ಹೊತ್ತಿಗೆ ಬೀದಿ ಬಾಗಿಲು ಹಾಕಲು ನನ್ನನ್ನು ಬಿಡುವುದಿಲ್ಲ.