ಬಾಡಿಗೆಗೆ ತಂದ ಅಣ್ಣ

ಮನುಷ್ಯನಿಗೆ ತಲೆಯ ಮೇಲೊಂದು ಸೂರು ಬೇಕೆಂಬ ವಿಷಯದಲ್ಲಿ ಯಾವ ಧರ್ಮಕ್ಕೂ ಯಾವ ಸರ್ಕಾರಕ್ಕೂ ಭಿನ್ನಾಭಿಪ್ರಾಯವಿಲ್ಲ. ತೊಂಬತ್ತರ ದಶಕದಲ್ಲಿ ನಮ್ಮ ಕಡೆಯ ಮನೆ ಮಾಲೀಕರಿಗೆ ಮಾತ್ರ ಸಣ್ಣದೊಂದು ತಕರಾರಿತ್ತು: ತಲೆ ಹೆಂಗಸಿನದಾದರೆ ಪಕ್ಕದಲ್ಲಿ ಗಂಡನದೂ ಒಂದಿರಬೇಕು.

ನನ್ನ ಹೆಂಡತಿ ಹೊಸ ತಿಪ್ಪಸಂದ್ರದ ನಮ್ಮ ಹಜಾರದಲ್ಲಿ ಹೊಲಿಗೆ ಕಲಿಸುತ್ತಿದ್ದಳು. ಕಲಿಯಲು ಬರುತ್ತಿದ್ದವರಲ್ಲಿ ಕಲಬುರಗಿ ಕಡೆಯ ಒಬ್ಬಾಕೆ, ಗಂಡನ ಹೊಡೆತ ತಾಳಲಾರದೆ, ಪುಟ್ಟ ಮಗಳೊಂದಿಗೆ ಬೇರೆ ಕೋಣೆ ಹಿಡಿದಿದ್ದಳು. ಅವನು ಅಲ್ಲಿಗೂ ಬಂದು ಬಾಗಿಲು ಒದ್ದ. ನ್ಯಾಯವಂತನಾದ ಮಾಲೀಕ, ಒದ್ದವನನ್ನು ಬಿಟ್ಟು, ಒಳಗಿದ್ದವಳಿಗೆ ಖಾಲಿ ಮಾಡಲು ಹೇಳಿದ. ತಾಯಿ ಮಗಳು ನಮ್ಮ ಹೊಲಿಗೆ ಯಂತ್ರಗಳ ನಡುವೆ ಮಲಗತೊಡಗಿದರು. ಆದರೆ ನಮ್ಮ ಮನೆಯೂ ಅವನಿಗೆ ಗೊತ್ತಿತ್ತು. ಬೇಗ ಬೇರೆ ಜಾಗ ಆಗಲೇಬೇಕಿತ್ತು.

ಕಂಡ ಕಂಡ ‘ಮನೆ ಬಾಡಿಗೆಗಿದೆ’ ಬೋರ್ಡಿನ ಕೆಳಗೆಲ್ಲ ನಿಂತೆವು. ಯಜಮಾನರೆಲ್ಲಿ ಎನ್ನುವರು. ಜೊತೆಗಿಲ್ಲ ಎಂದ ಕೂಡಲೇ ಆ ಮನೆಗೆ ಊರಿಂದ ಅವರ ಸೋದರಮಾವನ ಮಗ ಬರುವುದು ನಿಶ್ಚಯವಾಗಿಬಿಡುತ್ತಿತ್ತು. ಕೊನೆಗೆ ನಾನೇ ಒಂದು ಮಹತ್ತರ ಯೋಜನೆ ಹೂಡಿದೆ: ನಾನು ಆಕೆಯ ಒಡಹುಟ್ಟಿದ ಅಣ್ಣ. “ನಿಮ್ಮ ಸ್ವಂತ ತಂಗಿ ಊರಲ್ಲಿದ್ದಾಳೋ ಇಲ್ವೋ ಗೊತ್ತಿರಲ್ಲ ನಿಮ್ಗೆ,” ಎಂದು ಹೆಂಡತಿ ಆಶೀರ್ವದಿಸಿ ಕಳಿಸಿದಳು.

ಹಲಸೂರಿನಲ್ಲೊಂದು ವಠಾರ. ಅಂಗಳದ ಸುತ್ತ ಪುಟ್ಟ ಮನೆಗಳು, ನಡುವೆ ಎಲ್ಲರಿಗೂ ಒಂದೇ ನಲ್ಲಿ. ಮಾಲೀಕಳಾದ ಅಜ್ಜಿ ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಸೊಪ್ಪು ಬಿಡಿಸುತ್ತಿದ್ದರು. ನಾನು ಅಪ್ಪಟ ಮೈಸೂರು ಕನ್ನಡದಲ್ಲಿ, ತಂಗಿಯ ಯಜಮಾನರು ದೂರದಲ್ಲಿದ್ದಾರೆ, ಅಣ್ಣನಾದ ನನ್ನದೇ ಜವಾಬ್ದಾರಿ ಎಂದು ಭಾಷಣ ಮಾಡಿದೆ. ಅಜ್ಜಿ ತಲೆದೂಗಿದರು. ಕೆಲಸವಾಯಿತೆಂದುಕೊಂಡೆ. ಆಗ ತಂಗಿ ಬಾಯಿಬಿಟ್ಟಳು.

“ನಳದಾಗ ನೀರು ಯಾವಾಗ ಬರ್ತಾವ್ರೀ ಅಮ್ಮಾ?”

ಅಜ್ಜಿಯ ಕೈಯಲ್ಲಿದ್ದ ಸೊಪ್ಪು ಹಾಗೇ ನಿಂತಿತು. ಒಂದೇ ತಾಯಿಯ ಮಕ್ಕಳು ಒಬ್ಬರು ಮೈಸೂರಿನಂತೆ, ಒಬ್ಬರು ಕಲಬುರಗಿಯಂತೆ ಮಾತಾಡುವುದು ಹೇಗೆಂದು ಕೇಳಿದರು. ಸೋದರತ್ತೆಯ ಮನೆಯಲ್ಲಿ ಬೆಳೆದಳು ಎಂದೆ. ಯಾವ ಊರಿನ ಸೋದರತ್ತೆ ಎಂದರು. ನಾನು ಒಂದು ಊರು ಹೇಳಿದೆ. ಅದೇ ಗಳಿಗೆಯಲ್ಲಿ ತಂಗಿ ಇನ್ನೊಂದು ಹೇಳಿದಳು.

ಅಜ್ಜಿ ನನ್ನನ್ನು ಬಿಟ್ಟು ಆಕೆಯತ್ತ ತಿರುಗಿದರು. “ಹೊಡೀತಿದ್ನಾ?”

ಆಕೆ ಹೌದೆಂದು ತಲೆಯಾಡಿಸಿದಳು.

“ಅದನ್ನ ಮೊದ್ಲೇ ಹೇಳೋದಲ್ವಾ ತಾಯಿ? ಅದಕ್ಕೊಬ್ಬ ಅಣ್ಣನ್ನ ಬಾಡಿಗೆಗೆ ತರ್ಬೇಕಿತ್ತಾ?” ಎಂದವರು ನನಗೂ ತೀರ್ಪು ಕೊಟ್ಟರು: “ವಠಾರಕ್ಕೆಲ್ಲ ಅಣ್ಣ ಅಂತಾನೇ ಹೇಳ್ತೀನಿ. ಗೌರಿ ಹಬ್ಬಕ್ಕೆ ಬಾಗಿನ ತಪ್ಪಿಸ್ಬೇಡಿ ಮತ್ತೆ.”

ಹೀಗೆ ನಾನು ಪ್ರತಿ ವರ್ಷ ಬಾಗಿನದ ಮೊರವನ್ನು ಎದೆಗವಚಿಕೊಂಡು, ತುಂಬಿದ ಬಸ್ಸಿನಲ್ಲಿ ಬಳೆ ಒಡೆಯದಂತೆ ಹಲಸೂರಿಗೆ ಹೋಗತೊಡಗಿದೆ. ವಠಾರದ ಹೆಂಗಸರು ಮೊರ ಬಿಚ್ಚಿ ನೋಡಿ, ರವಿಕೆ ಕಣದ ಬಣ್ಣ ಸರಿಯಿಲ್ಲ ಎಂದು ಎದುರಿಗೇ ಹೇಳುತ್ತಿದ್ದರು. ಆಕೆಗಾದರೋ ಗೌರಿ ಹಬ್ಬವೇ ಹೊಸದು. ಅವರ ಕಡೆ ಅಣ್ಣ ತಂಗಿಯನ್ನು ತವರಿಗೆ ಕರೆಯುವುದು ನಾಗರ ಪಂಚಮಿಗೆ. ಹಾಗಾಗಿ ಪಂಚಮಿಗೆ ಡಬ್ಬಿ ತುಂಬ ಶೇಂಗಾ ಉಂಡಿ ಹಿಡಿದು ತಾನೇ ನಮ್ಮ ಮನೆಗೆ ಬರುತ್ತಿದ್ದಳು. ನನ್ನ ಸ್ವಂತ ತಂಗಿ ಈ ಸುದ್ದಿ ಕೇಳಿ ಎರಡು ತಿಂಗಳು ಮಾತು ಬಿಟ್ಟಳು.

ಗಂಡ ಹೇಗೋ ವಿಳಾಸ ಹಿಡಿದು ಒಂದು ಬೆಳಿಗ್ಗೆ ಬಂದ. ಅದು ನೀರು ಬಿಡುವ ಹೊತ್ತು. ಅಂಗಳದ ತುಂಬ ಕೊಡಗಳು, ಕೊಡಗಳ ಹಿಂದೆ ಹೆಂಗಸರು. ಯಾರೂ ಜರುಗಲಿಲ್ಲ. ಅಜ್ಜಿ ಕುರ್ಚಿಯಿಂದಲೇ, “ಅವಳ ಅಣ್ಣನ್ನ ಕೇಳ್ಕೊಂಡು ಬಾ, ಆಮೇಲೆ ನೋಡೋಣ,” ಎಂದರಂತೆ. ನನ್ನ ಹೆಸರಿನಲ್ಲಿ ಈ ಪರಾಕ್ರಮ ನಡೆದಾಗ ನಾನು ಆಫೀಸಿನ ಕ್ಯಾಂಟೀನಿನಲ್ಲಿ ಟೀ ಕುಡಿಯುತ್ತಿದ್ದೆ.

ಅವನು ಕೇಳಿಕೊಂಡು ಬರಲಿಲ್ಲ. ಮಗಳ ಕಾಲೇಜು ಮುಗಿಯುವವರೆಗೂ ತಾಯಿ ಮಗಳು ಅದೇ ವಠಾರದಲ್ಲಿದ್ದರು.